ಒಳಬಾಗಿಲಿನ ಮುನಿಸು

ಆಫೀಸಿನ ಯೂರಿನಲ್‌ಗಳ ಸಾಲು ಪೂರ್ತಿ ಖಾಲಿಯಿದ್ದರೂ ನನ್ನ ಪಕ್ಕದ್ದಕ್ಕೇ ಬಂದು ನಿಲ್ಲುವ ಮಹಾನುಭಾವರೊಬ್ಬರಿದ್ದಾರೆ. ನಿಂತವರು ಸುಮ್ಮನಿರಬೇಕಲ್ಲ? ‘ಏನ್ಸಾರ್, ಆ ಫೈಲ್ ಎಲ್ಲಿಗೆ ಬಂತು?’ ಇವತ್ತೂ ಅದೇ. ಅವರದು ಮಾತು, ಮೂತ್ರ ಎರಡೂ ಧಾರಾಕಾರ. ನನ್ನದು ಬಂದ್.

ಮೂತ್ರಕೋಶದಿಂದ ಹೊರಡುವ ದಾರಿಗೆ ಎರಡು ಬಾಗಿಲು. ಹೊರಗಿನದು ನಾವು ಹೇಳಿದಂತೆ ಕೇಳುತ್ತದೆ. ಒಳಗಿನದು ಯಾರಪ್ಪನ ಮಾತನ್ನೂ ಕೇಳುವುದಿಲ್ಲ. ಮನಸ್ಸು ಚೂರು ಮುದುಡಿದರೆ ಸಾಕು, ಬಿಗಿದುಕೊಳ್ಳುತ್ತದೆ. ಹಿಂಡಬೇಕಾದ ಕೋಶದ ಸ್ನಾಯುವೂ ಕೈಚೆಲ್ಲುತ್ತದೆ. 150–200 ಮಿ.ಲೀ. ತುಂಬುತ್ತಲೇ ‘ಏಳು ಏಳು’ ಎಂದು ಪೀಡಿಸಿದ್ದು ಇದೇ ಕೋಶ. ಕರೆತಂದು ನಿಲ್ಲಿಸಿದ ಮೇಲೆ ಹೀಗೆ ಕೈಕೊಡುವುದೇ?

ಆಯಿತೆಂಬಂತೆ ನಟಿಸಿ ಫ್ಲಶ್ ಒತ್ತಿ, ಕೈ ತೊಳೆಯಲು ಹೋದೆ. ಅವರು ತೊಲಗಿದ ಮೇಲೆ ವಾಪಸ್ ಬಂದರಾಯಿತು ಎಂಬ ಲೆಕ್ಕ. ಪುಣ್ಯಾತ್ಮರು ಕೈ ಒರೆಸಿಕೊಂಡು ಬಾಗಿಲು ಹಿಡಿದೇ ನಿಂತಿದ್ದರು. ‘ಬನ್ನಿ ಸಾರ್, ಒಟ್ಟಿಗೇ ಹೋಗೋಣ.’ ಹೋದೆವು. ಕಾರಿಡಾರಿನುದ್ದಕ್ಕೂ ಅವರದು ಫೈಲಿನ ಪುರಾಣ, ನನ್ನದು ತೊಡೆ ಬಿಗಿಹಿಡಿದ ನಡಿಗೆ. ಸೀಟು ಮುಟ್ಟಿಸಿದ ಮೇಲೂ ನನ್ನ ಮೇಜಿಗೆ ಕೈಯೂರಿ ಮುಂದುವರಿಸಿದರು. ‘ಅಯ್ಯೋ, ಮೊಬೈಲ್ ಅಲ್ಲೇ ಬಿಟ್ಟೆ’ ಎಂದು ಎದ್ದು ಓಡಿದೆ. ಮೊಬೈಲ್ ಕೈಯಲ್ಲೇ ಇತ್ತು.

ವಯಸ್ಸಾಗುತ್ತಾ ಪ್ರಾಸ್ಟೇಟ್ ಬೇರೆ ಸೇರಿಕೊಳ್ಳುತ್ತದೆ. ಯೌವನದಲ್ಲಿ ಅಕ್ರೋಟಿನಷ್ಟಿದ್ದು ಇದೆಯೋ ಇಲ್ಲವೋ ಎಂಬಂತಿರುವ ಗ್ರಂಥಿ, ಮಧ್ಯವಯಸ್ಸು ದಾಟುತ್ತಲೇ ಉಬ್ಬತೊಡಗುತ್ತದೆ. ಉಬ್ಬಲಿ ಬಿಡಿ. ಆದರೆ ಮೂತ್ರನಾಳ ಹಾದುಹೋಗುವುದು ಅದರ ನಡುವೆಯೇ! ಶಾಲೆಯ ಹಿಂಗೋಡೆಗೆ ಸಾಲಾಗಿ ನಿಂತು ಯಾರದು ಎತ್ತರಕ್ಕೆ ಹೋಗುತ್ತದೆ ಅಂತ ಪಂದ್ಯ ಕಟ್ಟುತ್ತಿದ್ದೆವು. ಆ ಗೆಳೆಯರೆಲ್ಲ ಈಗ ರಾತ್ರಿ ಎಷ್ಟು ಸಲ ಎದ್ದೆ ಅಂತ ಲೆಕ್ಕ ಒಪ್ಪಿಸುತ್ತಾರೆ.

ಎಲ್ಲ ಮುಗಿಯಿತು ಅಂದುಕೊಂಡಾಗಲೂ ಮುಗಿದಿರುವುದಿಲ್ಲ. ಗಂಡಸರ ಮೂತ್ರನಾಳ ಸುಮಾರು 20 ಸೆಂ.ಮೀ. ಉದ್ದ, ಸಾಲದ್ದಕ್ಕೆ ನಡುವೆ ತಿರುವು. ಆ ತಿರುವಿನಲ್ಲಿ ನಾಲ್ಕು ಹನಿ ಅಡಗಿ ಕೂತಿರುತ್ತವೆ. ಎಷ್ಟು ಒದರಿದರೂ ಜಗ್ಗುವುದಿಲ್ಲ. ವೃಷಣಗಳ ಹಿಂದೆ ಬೆರಳೊತ್ತಿ ಮುಂದಕ್ಕೆ ನೀವಬೇಕು ಅನ್ನುತ್ತಾರೆ ವೈದ್ಯರು. ನಾಲ್ಕು ಜನ ಓಡಾಡುವ ಕಡೆ ಅದನ್ನೆಲ್ಲ ಮಾಡುತ್ತಾ ನಿಲ್ಲಲಾದೀತೇ? ಜಿಪ್ ಎಳೆದ ಮೇಲೆ ಅವು ನಿಧಾನಕ್ಕೆ ದಯಮಾಡಿಸುತ್ತವೆ. ತಿಳಿಬಣ್ಣದ ಪ್ಯಾಂಟಿನ ದಿನವಂತೂ ತಪ್ಪದೆ. ‘ನಲ್ಲಿ ನೀರು ಸಿಡೀತು’ ಅಂದರೆ ಯಾರೂ ನಂಬುವುದಿಲ್ಲ, ನಿಜವಾಗಿ ನಲ್ಲಿಯೇ ಸಿಡಿದಿದ್ದರೂ.