ಮಡಿ ಮೀನೆಣ್ಣೆ

ಭಾನುವಾರ ಬಂತೆಂದರೆ ನಮ್ಮ ಪಾರ್ಕಿನ ಗೇಟಿನಲ್ಲಿ ಉಚಿತ ಹೃದಯ ತಪಾಸಣೆ. ಬಿಪಿ ನೋಡೋದಕ್ಕೆ ದುಡ್ಡಿಲ್ಲ, ಆಮೇಲೆ ಕೈಗಿಡುವ ಒಮೆಗಾ-3 ಡಬ್ಬಿಗೆ, ಅಂದರೆ ಮೀನೆಣ್ಣೆ ಕ್ಯಾಪ್ಸೂಲಿಗೆ, ಮಾತ್ರ ದುಡ್ಡು. ಎರಡು ಕೊಂಡರೆ ಒಂದು ಫ್ರೀ. ಇರೋದು ಒಂದೇ ಹೃದಯ ಆದರೂ.

ನಮ್ಮ ಬಡಾವಣೆಯ ಹಿರಿಯರು ಇದನ್ನು ತೀರ್ಥದ ಹಾಗೆ ತಗೊಳ್ತಾರೆ. ಯಾರಿವರು? ಕೆಳಗಿನ ಮನೆಯಲ್ಲಿ ಬಂಗುಡೆ ಹುರಿದರೆ ಅಸೋಸಿಯೇಷನ್ ಗ್ರೂಪಿಗೆ ಮೆಸೇಜ್ ಹಾಕುವವರು, ಟು-ಲೆಟ್ ಬೋರ್ಡಿನಲ್ಲಿ 'ವೆಜ್ ಫ್ಯಾಮಿಲಿಗೆ ಮಾತ್ರ' ಅಂತ ಬರೆಸುವವರು. ಡಬ್ಬಿ ಮೇಲೆ ಮಾಂಸಾಹಾರದ ಕಂದು ಗುರುತು ಇದೆಯಲ್ಲ ಸಾರ್ ಅಂದೆ ಒಬ್ಬರಿಗೆ. "ಅದು ಔಷಧಿ ಕಣ್ರೀ" ಅಂದರು. ಸರಿ ಬಿಡಿ. ಇನ್ಮೇಲೆ ಕೆಳಗಿನ ಮನೆಯವರೂ ಔಷಧಿ ಹುರೀತಿದ್ದೀವಿ ಅಂತ ಉತ್ತರ ಹಾಕಲಿ. ಜಗಳವೇ ಇಲ್ಲ. ಕ್ಯಾಪ್ಸೂಲ್ ನುಂಗಿದವರು ದರ್ಶಿನಿಯಲ್ಲಿ ಬೆಣ್ಣೆ ಮಸಾಲೆ ಮುಗಿಸಿ ತೇಗಿದಾಗ ಪಕ್ಕದ ಟೇಬಲ್ಲಿಗೆ ಮಲ್ಪೆ ಬಂದರು ನೆನಪಾಗುತ್ತೆ. ಅದಕ್ಕೆ ಮಾತ್ರ ಯಾರೂ ಮೆಸೇಜ್ ಹಾಕಲ್ಲ.

ಈ ಕಥೆ ಶುರುವಾದದ್ದು 1970ರ ದಶಕದಲ್ಲಿ, ಗ್ರೀನ್‌ಲ್ಯಾಂಡಿನಲ್ಲಿ. ಡೆನ್ಮಾರ್ಕಿನ ಬಾಂಗ್, ಡೈಯರ್‌ಬರ್ಗ್ ಇಬ್ಬರೂ ಅಲ್ಲಿನ ಇನುಯಿಟ್ ಜನರ ಊಟ, ರಕ್ತ ಪರೀಕ್ಷಿಸಿದರು. ಮೀನು, ಸೀಲ್ ತಿನ್ನೋರಿಗೆ ಹೃದ್ರೋಗ ಕಡಿಮೆ ಅನ್ನೋ ಮಾತು ಊರೆಲ್ಲ ಹಬ್ಬಿತು. ಅವರು ನೋಡಿದ್ದು ಊಟ ಮತ್ತು ರಕ್ತವನ್ನು, ಹೃದಯವನ್ನಲ್ಲ.

ಹೃದಯ ನೋಡಿದ ಲೆಕ್ಕ 2018ರಲ್ಲಿ ಬಂತು. ಅಮೆರಿಕದ ವೈಟಲ್ ಅಧ್ಯಯನದಲ್ಲಿ 25,871 ಜನ, ಬ್ರಿಟನ್ನಿನ ಅಸೆಂಡ್‌ನಲ್ಲಿ 15,480 ಸಕ್ಕರೆ ಕಾಯಿಲೆಯವರು. ಅರ್ಧ ಜನಕ್ಕೆ ದಿನಾ 1 ಗ್ರಾಂ ಒಮೆಗಾ-3, ಇನ್ನರ್ಧಕ್ಕೆ ಸುಮ್ನೆ ಎಣ್ಣೆ. ವರ್ಷಗಟ್ಟಲೆ ಕಾದು ನೋಡಿದರೆ ಹೃದಯಾಘಾತ, ಪಾರ್ಶ್ವವಾಯು, ಸಾವು ಎಲ್ಲ ಒಟ್ಟು ಸೇರಿಸಿದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ.

ಸ್ಟಾಲಿನ ಹುಡುಗ ಮಾತ್ರ "25% ರಿಸ್ಕ್ ಕಮ್ಮಿ ಸಾರ್" ಅಂತಾನೆ. ಸುಳ್ಳಲ್ಲ, ಅದು ರೆಡ್ಯೂಸ್-ಇಟ್ ಅನ್ನೋ ಇನ್ನೊಂದು ಅಧ್ಯಯನದ ಲೆಕ್ಕ. ಅಲ್ಲಿ ಕೊಟ್ಟದ್ದು ಒಮೆಗಾ-3ರಲ್ಲಿ ಒಂದು ಬಗೆಯಾದ ಇಪಿಎಯನ್ನು ಶುದ್ಧ ಮಾಡಿದ ಔಷಧಿ, ದಿನಕ್ಕೆ 4 ಗ್ರಾಂ, ಅದೂ ರಕ್ತದಲ್ಲಿ ಟ್ರೈಗ್ಲಿಸರೈಡ್ ಅನ್ನೋ ಕೊಬ್ಬು ಜಾಸ್ತಿ ಇದ್ದು, ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಗೊಳ್ತಿದ್ದವರಿಗೆ. ಹೋಲಿಸಿ ನೋಡೋಕೆ ಇನ್ನೊಂದು ಗುಂಪಿಗೆ ಕೊಟ್ಟ ಮಿನರಲ್ ಆಯಿಲ್ಲೇ ಲೆಕ್ಕ ಕೆಡಿಸಿತು ಅನ್ನೋ ಜಗಳ ಇನ್ನೂ ಮುಗಿದಿಲ್ಲ. ಈಗ ನಿಮ್ಮ ಡಬ್ಬಿ ತಿರುಗಿಸಿ. ಮುಂದೆ ದಪ್ಪಕ್ಷರದಲ್ಲಿ 1000 ಮಿ.ಗ್ರಾಂ. ಹಿಂದೆ ಇರುವೆ ಸಾಲಿನಷ್ಟು ಸಣ್ಣಗೆ ಇಪಿಎ 180, ಇನ್ನೊಂದು ಒಮೆಗಾ-3 ಆದ ಡಿಎಚ್‌ಎ 120. ಆ 4 ಗ್ರಾಂ ಇಪಿಎ ಲೆಕ್ಕಕ್ಕೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಕ್ಯಾಪ್ಸೂಲ್ ನುಂಗಬೇಕು, ತಿಂಡಿಗೆ ಜಾಗ ಇರಲ್ಲ. ಅಷ್ಟೊಂದು ತಗೊಂಡರೆ ಹೃದಯದ ಬಡಿತ ತಾಳ ತಪ್ಪುವ ಅಪಾಯ ಜಾಸ್ತಿ ಅನ್ನೋದನ್ನು ಹುಡುಗ ಹೇಳಲ್ಲ.

ನಗು ಬರ್ತಿತ್ತು, ಹೋದ ವಾರದ ತನಕ. ಒಬ್ಬ ಅಜ್ಜಿಗೆ ಬಿಪಿ 170 ಬಂತು. ಬಿಪಿ ಮಾತ್ರೆ ಬಿಟ್ಟಿದ್ದೀನಿ, ಶುರು ಮಾಡಿದರೆ ಬಿಡೋಕಾಗಲ್ವಂತೆ ಅಂದರು. ಜನೌಷಧಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುವ ಮಾತ್ರೆ. ಹುಡುಗ ತಲೆಯಾಡಿಸಿ ಮೂರು ಡಬ್ಬಿ ಚೀಲಕ್ಕೆ ಹಾಕಿದ. ನಾಳೆ ಡಾಕ್ಟರ ಹತ್ರ ಹೋಗಿ ಅಜ್ಜಿ ಅನ್ನೋದಕ್ಕೆ ಏನು ಖರ್ಚಾಗ್ತಿತ್ತು ಇವರಿಗೆ?