ಟರ್ಬೊ ಕಾರನ್ನು ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಬೇಕೇ?

ಪರ

ಟರ್ಬೊ ಎಂದರೆ ಎಕ್ಸಾಸ್ಟಿನ ಹೊಗೆಯ ರಭಸದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ. ಅದಿರುವ ಕಾರಿನ ಶಕ್ತಿಯೆಲ್ಲ ಗಾಳಿಯ ಲೆಕ್ಕ. ವಾತಾವರಣದ ಒತ್ತಡ ಸುಮಾರು 1 ಬಾರ್. ಅದರ ಮೇಲೆ ಟರ್ಬೊ ಇನ್ನೊಂದು ಬಾರ್ ಬೂಸ್ಟ್ (ಹೆಚ್ಚುವರಿ ಒತ್ತಡ) ಕೊಟ್ಟು, ಆ ಗಾಳಿಯನ್ನು ಇಂಟರ್‌ಕೂಲರ್ ಚೆನ್ನಾಗಿ ತಣಿಸಿತೆಂದರೆ ಸಿಲಿಂಡರಿಗೆ ಹೋಗುವ ಗಾಳಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ನಾದರೆ ತುಸು ಶಕ್ತಿಗೂ ಕ್ಯಾಮ್, ಪಿಸ್ಟನ್ ಎಂದು ಬಿಚ್ಚಿ ಕೂರಬೇಕು. ಇಲ್ಲಿ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರಾದ ಇಸಿಯುವಿನ ಮ್ಯಾಪ್, ಅಂದರೆ ಇಂಧನ, ಕಿಡಿ, ಬೂಸ್ಟುಗಳ ಲೆಕ್ಕದ ಪಟ್ಟಿಯನ್ನು ತಿದ್ದಿದರೆ ಬಹುಪಾಲು ಕೆಲಸ ಮುಗಿಯಿತು.

ಈಗಾಗಲೇ ಅಗಲವಾದ ಎಕ್ಸಾಸ್ಟ್, ದೊಡ್ಡ ಇಂಟೇಕ್ ಹಾಕಿಸಿದ ಕಾರನ್ನಂತೂ ಟ್ಯೂನ್ ಮಾಡಿಸಲೇಬೇಕು. ಕಾರ್ಖಾನೆಯ ಮ್ಯಾಪ್ ಬರೆದಿರುವುದು ಹಳೆಯ ಭಾಗಗಳಿಗೆ. ಎಕ್ಸಾಸ್ಟಿನ ತಡೆ ಇಳಿದಾಗ ಹೊಗೆ ತಿರುಗಿಸುವ ಟರ್ಬೈನ್ ಚಕ್ರ ಬೇಗ ವೇಗ ಪಡೆಯುತ್ತದೆ. ಹೆಚ್ಚಾದ ಹೊಗೆಯನ್ನು ಟರ್ಬೈನಿಗೆ ತಾಕದಂತೆ ಹೊರಬಿಡುವ ವೇಸ್ಟ್‌ಗೇಟ್ ಹಳೆಯ ಅಂದಾಜಿನಲ್ಲೇ ತೆರೆದರೆ ಬೂಸ್ಟ್ ಗುರಿ ಮೀರಬಹುದು. ಇಂಟೇಕ್ ಕೊಳವೆಯ ವ್ಯಾಸ ಹಿಗ್ಗಿದರೆ ಏರ್‌ಫ್ಲೋ ಸೆನ್ಸರ್ ಗಾಳಿಯನ್ನು ಕಡಿಮೆ ಎಂದು ಅಳೆದು, ಪೆಟ್ರೋಲ್ ಸಾಲದಂತಾಗಬಹುದು. ಭಾಗ ಬದಲಿಸಿ ಮ್ಯಾಪ್ ಬದಲಿಸದಿರುವುದೇ ನಿಜವಾದ ಅಪಾಯ.

ಬಲ್ಲ ಟ್ಯೂನರ್ ಡೈನೋ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಏನು ಮಾಡುತ್ತಾನೆ ನೋಡಿ. ಥ್ರಾಟಲ್ ಪೂರ್ತಿ ಒತ್ತಿದ ಒಂದೊಂದು ಓಟದ ಲಾಗ್ (ಅಳತೆಗಳ ದಾಖಲೆ) ತೆಗೆದು ಬೂಸ್ಟ್, ಲ್ಯಾಂಬ್ಡಾ (ಗಾಳಿ-ಇಂಧನದ ಪ್ರಮಾಣ), ಒಳಬರುವ ಗಾಳಿಯ ಉಷ್ಣತೆಗಳನ್ನು ಸಾಲಾಗಿ ಓದುತ್ತಾನೆ. ಮೂರನೇ ಸಿಲಿಂಡರಿನಲ್ಲಿ ನಾಕಿಂಗ್ (ಇಂಧನ ತಾನಾಗಿ ಸಿಡಿಯುವುದು) ಕಂಡು ಇಸಿಯು ಕಿಡಿಯ ಟೈಮಿಂಗನ್ನು ಮೂರು ಡಿಗ್ರಿ ಹಿಂದಕ್ಕೆಳೆದಿದ್ದರೆ, ಅಂದರೆ ಕಿಡಿಯನ್ನು ತಡಮಾಡಿದ್ದರೆ, ಅಲ್ಲಿಗೆ ನಿಲ್ಲಿಸುತ್ತಾನೆ. ಬೂಸ್ಟ್ ಏರಿಸುವ ಮಾತು ಕಾರಣ ತಿಳಿದ ಮೇಲೆಯೇ. ಇಷ್ಟು ಜತನದಿಂದ ಪಡೆದ ಶಕ್ತಿಯನ್ನು ಹುಚ್ಚಾಟ ಎನ್ನುವುದು ಅನ್ಯಾಯ.

ವಿರೋಧ

ಡೈನೋ ಮೇಲಿನ ಓಟ ಕೆಲವೇ ಸೆಕೆಂಡುಗಳದ್ದು. ಎದುರಿಗೆ ದೊಡ್ಡ ಫ್ಯಾನ್, ಟ್ಯಾಂಕಿನಲ್ಲಿ ಒಳ್ಳೆಯ ಪೆಟ್ರೋಲ್, ಪಕ್ಕದಲ್ಲೇ ಟ್ಯೂನರ್. ಬಿರುಬಿಸಿಲಿನಲ್ಲಿ ಉದ್ದದ ಏರು ಹತ್ತುವಾಗ, ಕಡಿಮೆ ಆಕ್ಟೇನಿನ, ಅಂದರೆ ನಾಕಿಂಗನ್ನು ಅಷ್ಟಾಗಿ ತಡೆಯದ, ಇಂಧನ ತುಂಬಿಸಿದಾಗ, ವರ್ಷಗಳು ಕಳೆದು ಫ್ಯೂಯಲ್ ಪಂಪ್ ಸೊರಗಿದಾಗ ಇವು ಯಾವುವೂ ಇರುವುದಿಲ್ಲ. ತಯಾರಕರು ಸುರಕ್ಷತೆಗಾಗಿ ಬಿಟ್ಟಿರುವ ಅಂತರ ಆ ದಿನಗಳಿಗೆಂದೇ ಇಟ್ಟದ್ದು. ಟ್ಯೂನಿಂಗ್ ಮಾಡಿಸುವವರು ಅದನ್ನೇ ಮೊದಲು ಖರ್ಚು ಮಾಡುತ್ತಾರೆ.

ಬೂಸ್ಟ್ ಏರಿದಷ್ಟೂ ಶಕ್ತಿ ಏರುತ್ತದೆಂಬ ನಂಬಿಕೆಯೂ ತಪ್ಪು. ಸಣ್ಣ ಟರ್ಬೊವನ್ನು ಅದರ ದಕ್ಷತೆಯ ಮಿತಿ ದಾಟಿಸಿದರೆ ಅದು ಗಾಳಿಯನ್ನು ವಿಪರೀತ ಕಾಯಿಸುತ್ತದೆ. ಬಿಸಿ ಗಾಳಿಗೆ ನಾಕಿಂಗ್ ಬೇಗ, ಹಾಗಾಗಿ ಟೈಮಿಂಗ್ ಹಿಂದೆಳೆಯಬೇಕು. ಗೇಜಿನ ಮುಳ್ಳು ಮೇಲೇರಿದರೂ ಚಕ್ರಕ್ಕೆ ಹೆಚ್ಚೇನೂ ತಲುಪುವುದಿಲ್ಲ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಕಡಿಮೆ ಆರ್‌ಪಿಎಂನಲ್ಲಿ ತುಂಬುವ ಟಾರ್ಕ್ (ತಿರುಗಿಸುವ ಬಲ). ಆಸನಕ್ಕೆ ಬೆನ್ನೊತ್ತುವ ಆ ಸುಖ ಎಲ್ಲರಿಗೂ ಬೇಕು, ಆದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗುವುದೂ ಅಲ್ಲೇ. ಇಂಧನವನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ ನೇರ ಇಂಜೆಕ್ಷನ್ನಿನ ಟರ್ಬೊ ಎಂಜಿನ್ನುಗಳಲ್ಲಿ, ಆಯಿಲಿನ ಹನಿಯೋ ಇಂಗಾಲದ ಚೂರೋ ಕಿಡಿಗೆ ಮೊದಲೇ ಇಂಧನವನ್ನು ಹೊತ್ತಿಸುವುದುಂಟು. ಹೆಚ್ಚಿನ ಬೂಸ್ಟಿನಲ್ಲಿ ಹೀಗಾದರೆ ಒಂದೇ ಏಟಿಗೆ ಪಿಸ್ಟನ್ ಒಡೆಯಬಹುದು. ನಾಕ್ ಸೆನ್ಸರಿಗೆ ಅದು ಗೊತ್ತಾಗುವುದು ಆದ ಮೇಲೆ. ಕಿಡಿಯನ್ನು ತಡಮಾಡಿ ಇದನ್ನು ತಡೆಯಲಾಗದು, ಏಕೆಂದರೆ ಬೆಂಕಿ ಹತ್ತಿದ್ದು ಕಿಡಿಯಿಂದಲ್ಲ.

ಕ್ಲಚ್, ಗೇರ್‌ಬಾಕ್ಸ್ ಮಾಲೀಕನ ಖರ್ಚು, ಹೋಗಲಿ. ಹರಿವು ಹೆಚ್ಚಲೆಂದು, ಹೊಗೆಯ ವಿಷ ಇಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತೆಸೆಯುತ್ತಾರಲ್ಲ, ಅದನ್ನು ಹೇಗೆ ಒಪ್ಪುವುದು? ಆ ಹೊಗೆಯನ್ನು ಉಸಿರಾಡುವುದು ಹಿಂದೆ ಬರುತ್ತಿರುವ ಜನ.