ಅತ್ತೆ ಕಂಡ ಒಬ್ಬನೇ ಒಬ್ಬ ಅಮೆರಿಕನ್

ಆ ಲಕ್ಷ ಡಾಲರ್ ಸುದ್ದಿ ಬಂದ ದಿನದಿಂದ ನಮ್ಮ ಬೀದಿಯಲ್ಲಿ ಅಮೆರಿಕದವರ ನಡತೆ ಕೆಟ್ಟುಹೋಗಿದೆ.

2025ರ ಸೆಪ್ಟೆಂಬರ್ 18ರವರೆಗೂ ಅವರು ಬಹಳ ಒಳ್ಳೆಯವರಿದ್ದರು. ಹಾರ್ನ್ ಹೊಡೆಯುತ್ತಿರಲಿಲ್ಲ. ಸಾಲಿನಲ್ಲಿ ನಿಲ್ಲುತ್ತಿದ್ದರು. ನಮ್ಮ ಪಾರ್ಕಿಗೆ ವಾಕಿಂಗ್ ಬರುವ ಯಜಮಾನರೊಬ್ಬರು ಮಗನ ಮನೆಯಲ್ಲಿ ಎರಡು ಸಲ ಇದ್ದು ಬಂದವರು. ‘ಅಲ್ಲಿ ನಾಯಿ ಮಾಡಿದ್ದನ್ನೂ ಕವರಿನಲ್ಲಿ ಎತ್ಕೊಂಡು ಹೋಗ್ತಾರೆ ಕಣ್ರೀ, ಏನು ಶಿಸ್ತು!’ ಅಂತ ಗದ್ಗದರಾಗುತ್ತಿದ್ದರು. 19ಕ್ಕೆ ಟ್ರಂಪ್, ನಮ್ಮ ಹುಡುಗರು ಅಲ್ಲಿ ಕೆಲಸಕ್ಕೆ ಹೋಗುವ ಎಚ್-1ಬಿ ವೀಸಾಕ್ಕೆ ಲಕ್ಷ ಡಾಲರ್ ಫೀಸು ಅಂತ ಸಹಿ ಹಾಕಿದರು. ಮಾರನೆಯ ಬೆಳಗ್ಗೆ ಅದೇ ಬೆಂಚು, ಅದೇ ಯಜಮಾನರು: ‘ನಾಯಿ ಹಿಂದೆ ಕವರ್ ಹಿಡ್ಕೊಂಡು ಓಡೋ ಜನ ರೀ ಅವರು. ಸಂಸ್ಕೃತಿ ಎಲ್ಲಿಂದ ಬರಬೇಕು?’

ಫೀಸು ಹೊಸ ಅರ್ಜಿಗಳಿಗೆ ಮಾತ್ರ ಅಂತ ಎರಡು ದಿನದಲ್ಲಿ ಗೊತ್ತಾಯಿತು. ಮಗ ಬಚಾವಾದ. ಅಮೆರಿಕದವರ ಸಂಸ್ಕೃತಿ ಮಾತ್ರ ವಾಪಸ್ ಬರಲಿಲ್ಲ.

ಅಷ್ಟರಲ್ಲಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೂ ಅದು ಬಂತು. ನಿಮಗೂ ಬಂದಿರುತ್ತೆ ಬಿಡಿ. ಅಮೆರಿಕದಲ್ಲಿ ಹದಿನೆಂಟು ತುಂಬಿದ ಮಕ್ಕಳನ್ನು ಮನೆಯಿಂದ ಆಚೆ ಹಾಕುತ್ತಾರೆ, ಆ ಮಕ್ಕಳು ಅಪ್ಪ ಅಮ್ಮನನ್ನು ವೃದ್ಧಾಶ್ರಮಕ್ಕೆ ಹಾಕುತ್ತಾರೆ, ನಾವೇ ಪುಣ್ಯವಂತರು, ಕೆಳಗೆ ಮೂರು ಹಣತೆ. ಸುಮ್ನಿರಬೇಕಿತ್ತು, ಇರಲಿಲ್ಲ. 2020ರ ಜುಲೈನಲ್ಲಿ, ಕೋವಿಡ್ ಹೊತ್ತಲ್ಲಿ, ಅಮೆರಿಕದ 18ರಿಂದ 29 ವಯಸ್ಸಿನವರಲ್ಲಿ ನೂರಕ್ಕೆ 52 ಮಂದಿ ಅಪ್ಪ ಅಮ್ಮನ ಜೊತೆಗೇ ಇದ್ದರು ಅಂತ ಅಲ್ಲಿನ ಪ್ಯೂ ಅನ್ನೋ ಸಮೀಕ್ಷೆ ಸಂಸ್ಥೆಯವರು ಲೆಕ್ಕ ಕೊಟ್ಟಿದ್ದಾರೆ ಅಂತ ಬರೆದೆ. ನಮ್ಮಲ್ಲಿ ಹೆತ್ತವರಿಗೆ ಊಟ ಹಾಕಿ ಅಂತ ಹೇಳೋಕೆ 2007ರಲ್ಲಿ ಪಾರ್ಲಿಮೆಂಟಿನಲ್ಲಿ ಕಾನೂನೇ ಮಾಡಬೇಕಾಯಿತು ಅಂತಲೂ ಸೇರಿಸಿದೆ. ಯಾರೂ ಉಸಿರೆತ್ತಲಿಲ್ಲ. ದೊಡ್ಡಪ್ಪ ಒಂದು ಗುಲಾಬಿ ಹೂವು ಕಳಿಸಿ ‘ಶುಭೋದಯ’ ಅಂದರು. ರಾತ್ರಿ ಎಂಟೂವರೆ ಆಗಿತ್ತು.

ಗ್ರೂಪಿಗೆ ಅದನ್ನು ಹಾಕಿದವರು ನಮ್ಮ ಅತ್ತೆ. ಅವರಿಗೆ ಹಕ್ಕಿದೆ. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಯ ಎಡಿಸನ್‌ಗೆ ಹೋಗಿ ಆರು ತಿಂಗಳು ಇದ್ದು ಬಂದವರು. ಎಡಿಸನ್ ಅಂದರೆ ಗೊತ್ತಲ್ಲ, ಅಲ್ಲಿ ಅಮೆರಿಕನ್ನರನ್ನು ಹುಡುಕಿಕೊಂಡು ಹೋಗಬೇಕು. ಓಕ್ ಟ್ರೀ ರೋಡಿನಲ್ಲಿ ಸೀರೆ, ಚಿನ್ನ, ಎಳೆ ಬೆಂಡೆಕಾಯಿ, ಪಾನಿಪುರಿ. ಶನಿವಾರ ಬ್ರಿಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನ. ಪಕ್ಕದ ಮನೆಯವರು ಗುಂಟೂರು, ಎದುರು ಮನೆಯವರು ಸೂರತ್ತು. ಆರು ತಿಂಗಳಲ್ಲಿ ಅತ್ತೆ ಮಾತಾಡಿಸಿದ್ದು ಒಬ್ಬನೇ ಒಬ್ಬ ಅಮೆರಿಕನ್‌ನ. ಅವನು ಏರ್‌ಪೋರ್ಟಿನ ಕಸ್ಟಮ್ಸ್ ಆಫೀಸರ್.

ಅವನು ಸೂಟ್‌ಕೇಸ್ ಬಿಚ್ಚಿಸಿ, ಸೀರೆಗಳ ಮಧ್ಯದಿಂದ ಸ್ಟೀಲ್ ಡಬ್ಬಿ ಎತ್ತಿ, ಏನಿದು ಅಂದ. ‘ಚಟ್ನಿಪುಡಿ’ ಅಂದರು ಅತ್ತೆ. ಅವನಿಗೆ ತಿಳಿಯಲಿಲ್ಲ. ಅತ್ತೆ ಕಿವುಡನಿಗೆ ಹೇಳುವ ಹಾಗೆ ಗಂಟಲು ಏರಿಸಿ, ‘ಚಟ್ನೀ... ಪುಡೀ...’ ಅಂದರು. (ಅಮೆರಿಕದವರು ಬೇರೆ ದೇಶಕ್ಕೆ ಹೋದರೆ ತಮ್ಮ ಭಾಷೆಯನ್ನೇ ಕಿರುಚಿ ಹೇಳುತ್ತಾರೆ ಅಂತ ದೂರು ಉಂಟು.) ಅವನು ಮುಚ್ಚಳ ತೆಗೆದು ಮೂಸಿದ. ನಾಲ್ಕು ಸಲ ಸೀನಿದ. ಪಕ್ಕದಲ್ಲಿದ್ದ ಮೆಂತ್ಯದ ಹಿಟ್ಟಿನ ಪೊಟ್ಟಣ ನೋಡಿದ, ಅದನ್ನು ಮುಟ್ಟುವ ಧೈರ್ಯ ಮಾಡದೆ, ಹೊರಡಮ್ಮ ಅಂತ ಕೈ ಬೀಸಿದ.

ಇಷ್ಟೇ ಒಡನಾಟ. ಇದರಿಂದ ಅತ್ತೆ ತಿಳಿದುಕೊಂಡಿದ್ದು: ಅವರಿಗೆ ಕರುಳಿಲ್ಲ, ನಗು ಬರೀ ತುಟಿ ಮೇಲಿಂದು, ಬೆಳಗ್ಗೆ ನೀರು ಮುಟ್ಟೋದಿಲ್ಲ. ‘ನೀರು ಮುಟ್ಟಲ್ಲ ಅಂತ ಹೇಗೆ ಗೊತ್ತಾಯ್ತು ಅತ್ತೆ?’ ಅಂದೆ. ‘ಗುಂಟೂರಿನಾಕೆ ಹೇಳಿದಳು ಕಣೋ.’

ಅತ್ತೆಯನ್ನು ಅಂದು ಏನು ಪ್ರಯೋಜನ? ಅಮೆರಿಕನ್ ಅನ್ನೋ ಪದಕ್ಕೇ ನಮ್ಮಲ್ಲಿ ಬೇರೆ ಅರ್ಥ ಇದೆ. ಅಮೆರಿಕನ್ ಡೈಮಂಡ್ ಅಂದರೆ ವಜ್ರ ಅಲ್ಲದ್ದು. ಆ ಹರಳು ಬೆಳೆಸುವ ವಿದ್ಯೆ ಪಳಗಿಸಿಕೊಂಡವರು 1970ರ ದಶಕದ ಸೋವಿಯತ್ ವಿಜ್ಞಾನಿಗಳು. ಖೋಟಾ ಅನ್ನೋ ಹೆಸರು ಬಂದಿದ್ದು ಅಮೆರಿಕಕ್ಕೆ. ಇನ್ನು ಪಾರ್ಥೇನಿಯಂ. ಅದರ ತವರು ನಿಜವಾಗಲೂ ಅಮೆರಿಕ ಖಂಡ, ಅಮೆರಿಕ ನೆರವು ಅಂತ ಕಳಿಸುತ್ತಿದ್ದ ಪಿಎಲ್-480 ಗೋಧಿ ಜೊತೆ ಹಡಗು ಹತ್ತಿ ಬಂತು ಅಂತ ಪ್ರತೀತಿ. ಅದಕ್ಕೆ ಅಮೆರಿಕದ ಹೆಸರು ಇಟ್ಟೆವಾ? ಇಲ್ಲ, ಕಾಂಗ್ರೆಸ್ ಕಳೆ ಅಂದೆವು. ನಮ್ಮಪ್ಪನ ಓರಗೆಯವರಿಗೆ ಅಮೆರಿಕ ಅಂದರೆ ಸ್ಕೂಲಿನ ಉಪ್ಪಿಟ್ಟು. ಕೇರ್ ಸಂಸ್ಥೆಯ ಹಳದಿ ರವೆ, ಹಾಲಿನ ಪುಡಿ. ಮೇಷ್ಟ್ರು ಆಚೆ ಹೋದಾಗ ಪುಡಿಯನ್ನು ಅಂಗೈಗೆ ಸುರಿದುಕೊಂಡು ನೆಕ್ಕಿದರೆ ಅಂಗುಳಿಗೆ ಅಂಟಿಕೊಂಡು ಎರಡು ಪೀರಿಯಡ್ ಮಾತೇ ಹೊರಡುತ್ತಿರಲಿಲ್ಲವಂತೆ. ಅಪ್ಪ ಇವತ್ತಿಗೂ ಅಮೆರಿಕವನ್ನು ಬೈಯುವುದಿಲ್ಲ. ಉಪ್ಪಿಟ್ಟು ಚೆನ್ನಾಗಿತ್ತು ಅನ್ನುತ್ತಾರೆ.

ಬೇರೆ ದೇಶದವರೇನು ಕಡಿಮೆ ಇಲ್ಲ. ಜರ್ಮನಿಯವರಿಗೆ ಅಮೆರಿಕನ್ನರ ನಗು ಕಂಡರೆ ಅನುಮಾನ. ವಾಲ್‌ಮಾರ್ಟ್ 2006ರಲ್ಲಿ ಅಲ್ಲಿಂದ ಗಂಟುಮೂಟೆ ಕಟ್ಟಿದಾಗ, ಸಿಬ್ಬಂದಿ ನಕ್ಕು ನಕ್ಕು ಮಾತಾಡಿಸಿದ್ದೇ ಗಿರಾಕಿಗಳಿಗೆ ಕಸಿವಿಸಿಯಾಯಿತು ಅಂತಲೂ ಸುದ್ದಿಯಾಗಿತ್ತು. ಅಮೆರಿಕದವರೂ ಸುಮ್ಮನಿರುವುದಿಲ್ಲ, ಅನ್ನಿಸಿಕೊಳ್ಳೋಕೆ ತಾವೇ ಮುಂದೆ ಬರುತ್ತಾರೆ. 2003ರಲ್ಲಿ ಇರಾಕ್ ಯುದ್ಧಕ್ಕೆ ಫ್ರಾನ್ಸ್ ಒಪ್ಪಲಿಲ್ಲ ಅಂತ ತಮ್ಮ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಅನ್ನೋದನ್ನು ಫ್ರೀಡಂ ಫ್ರೈಸ್ ಮಾಡಿದರು. ಆಲೂಗಡ್ಡೆ ಅದೇ, ಎಣ್ಣೆ ಅದೇ. ಹೆಸರು ಬದಲಾಯಿಸೋ ವಿಷಯದಲ್ಲಿ ನಾವು ಜಾಸ್ತಿ ನಗದೆ ಇರೋದು ಒಳ್ಳೆಯದು.

ಮೊನ್ನೆ ಅತ್ತೆಯನ್ನು ಕೇಳಿದೆ, ಆ ಆಫೀಸರ್ ನೋಡೋಕೆ ಹೇಗಿದ್ದ ಅಂತ. ‘ಕಪ್ಪಗಿದ್ದ, ಒಳ್ಳೆ ಎತ್ತರ. ಅವನು ಅಮೆರಿಕದವನಲ್ಲ ಕಣೋ, ಆಫ್ರಿಕಾದವನು.’

ಹಾಗಾದರೆ ಇದ್ದ ಒಬ್ಬನೂ ಲೆಕ್ಕದಿಂದ ಹೋದ. ಅಮೆರಿಕದ ಯೂನಿಫಾರ್ಮು, ಅಮೆರಿಕದ ಬ್ಯಾಡ್ಜು. ಅವನ ಹಿಂದಿನವರು ಯಾವ ಕಾಲದಲ್ಲಿ ಅಲ್ಲಿ ಗುಲಾಮರಾಗಿ ಹತ್ತಿ ಬಿಡಿಸಿದ್ದರೋ. ಟ್ರಂಪ್ ಅವರ ತಾತ ಜರ್ಮನಿಯಿಂದ ಬಂದು ಇಳಿದಿದ್ದು 1885ರಲ್ಲಿ. ಅವರು ಮಾತ್ರ ಅಮೆರಿಕದವರು.

ಅತ್ತೆಗೆ ವಯಸ್ಸಾಯಿತು ಅಂತ ನಗಬಹುದು. ನನಗೆ ನಗು ಬರಲಿಲ್ಲ. 2016ರ ಜನವರಿ ಕೊನೆಯ ದಿನ ಇದೇ ಬೆಂಗಳೂರಿನ ಹೆಸರಘಟ್ಟ ಕಡೆ ಸುಡಾನಿನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಹೆಂಗಸು ಸತ್ತರು. ಸ್ವಲ್ಪ ಹೊತ್ತಿಗೆ ಅದೇ ದಾರಿಯಲ್ಲಿ ಬೇರೆ ಕಾರಿನಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯನ್ನು ಜನ ಎಳೆದು ಹೊಡೆದರು. ಬಟ್ಟೆ ಹರಿದರು. ಕಾರಿಗೆ ಬೆಂಕಿ ಇಟ್ಟರು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ? ಭೂಗೋಳ ಗೊತ್ತಿಲ್ಲದವರು ಅಮೆರಿಕದವರಂತೆ. ಅಲ್ಲಿ ನಮ್ಮ ಹುಡುಗನಿಗೆ ಯಾರೋ ‘ನಿನ್ನ ದೇಶಕ್ಕೆ ಹೋಗು’ ಅಂದರೆ ಪಾರ್ಕಿನ ಬೆಂಚೆಲ್ಲ ಕುದಿಯುತ್ತದೆ. ಕುದಿಯಲೇಬೇಕು. ಆದರೆ ಆ ಯಜಮಾನರ ಮನೆಯ ಮೇಲಿನ ಪೋರ್ಷನ್ ಮೂರು ತಿಂಗಳಿಂದ ಖಾಲಿ ಇದೆ. ಕೇಳಿಕೊಂಡು ಬಂದ ಇಬ್ಬರು ನೈಜೀರಿಯಾ ಹುಡುಗರಿಗೆ ಗೇಟೂ ತೆಗೆಯದೆ ‘ಆಗ್ಲೇ ಕೊಟ್ಟಾಯ್ತು’ ಅಂದರು. ಟು-ಲೆಟ್ ಬೋರ್ಡು ಅವರ ತಲೆಯ ಮೇಲೇ ನೇತಾಡುತ್ತಿತ್ತು. ಸಾಕಾಗಿದೆ ನನಗೆ.

ಅತ್ತೆಗೆ ಹತ್ತು ವರ್ಷದ ವೀಸಾ ಇದೆ. ಮುಂದಿನ ತಿಂಗಳು ಮತ್ತೆ ಹೊರಡುತ್ತಾರೆ, ಎರಡನೇ ಬಾಣಂತನ. ಈ ಸಲ ಚಟ್ನಿಪುಡಿ ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸು ಅಂದರು. ಅಂಟಿಸಿದೆ. ಡಬ್ಬಿಯನ್ನು ಸೀರೆಗಳ ಮಧ್ಯೆ ಒತ್ತಿ ಇಟ್ಟು, ದೇವರ ಮನೆ ಕಡೆ ತಿರುಗಿ ಕೈ ಮುಗಿದು, ‘ಈ ಸಲನಾದರೂ ಕೌಂಟರಿನಲ್ಲಿ ಅಮೆರಿಕದವರೇ ಇರಲಪ್ಪಾ’ ಅಂದರು.